ಬ್ರೇಕಣ್ಣನ ಇಳಿಜಾರು

ಊರಲ್ಲಿ ಯಾರ ಗಾಡಿಯಾದರೂ ಸರಿ, ಬ್ರೇಕ್ ಹಿಡೀತಿಲ್ಲ ಅಂದರೆ ಜನಕ್ಕೆ ನೆನಪಾಗುವವನು ಒಬ್ಬನೇ. ಅವನಿಗೊಂದು ಹೆಸರಿತ್ತು, ಹೆತ್ತವಳು ಹೋದ ಮೇಲೆ ಹಾಗೆ ಕರೆಯುವವರೂ ಇಲ್ಲವಾದರು. ಈಗ ಸಣ್ಣವರಿಗೂ ದೊಡ್ಡವರಿಗೂ ಅವನು ಬ್ರೇಕಣ್ಣ. ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ತಗಡಿನ ಮಾಡಿನ ಶೆಡ್ಡು, ಒಳಗೆ ಗಾಡಿ ಅಡಿ ನೋಡಲು ಅಗೆದ ಗುಂಡಿ, ಗೋಡೆ ತುಂಬ ಮೊಳೆಗೆ ನೇತು ಹಾಕಿದ ಬ್ರೇಕ್ ಲೈನರುಗಳು. ಎಂಜಿನ್ ಕೆಲಸ ಬೇಕಾ, ಪಕ್ಕದ ಬೀದಿಗೆ ಹೋಗಿ. ಗೇರಿನ ಕೆಲಸವಾ, ಅದಕ್ಕೂ ಬೇರೆಯವರಿದ್ದಾರೆ. "ಓಡಿಸೋದನ್ನ ಯಾರು ಬೇಕಾದ್ರೂ ಮಾಡ್ತಾರೆ, ನಾನು ನಿಲ್ಲಿಸೋನು" ಅನ್ನುವುದು ಅವನ ಮಾತು. ಗಾಡಿ ವಾಪಸು ಕೊಡುವಾಗ ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಸೇರಿಸುತ್ತಿದ್ದ: "ಹೋಗಿ ಬನ್ನಿ, ಏನೂ ಆಗಲ್ಲ." ಅಷ್ಟು ಕೇಳಿದರೆ ಸಾಕು, ಜನ ಕಣ್ಣು ಮುಚ್ಚಿಕೊಂಡು ಗಾಡಿ ಹತ್ತುತ್ತಿದ್ದರು. ಓಡಿಸುವವರು ಕಣ್ಣು ಮುಚ್ಚಬಾರದು ಅನ್ನುವುದು ಬೇರೆ ವಿಷಯ.

ಬ್ರೇಕಿನ ಹುಚ್ಚು ಅವನಿಗೆ ಎಷ್ಟು ಅಂದರೆ, ಬಸ್ಸಲ್ಲಿ ಪ್ರಯಾಣಿಕನಾಗಿ ಕೂತರೂ ಬಲಗಾಲು ಸುಮ್ಮನಿರದು, ತಿರುವು ಬಂದ ಕಡೆಯೆಲ್ಲ ನೆಲ ಒತ್ತುತ್ತಿರುತ್ತದೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ರೋಗಿಯ ಯೋಗಕ್ಷೇಮ ಆಮೇಲೆ, ಮೊದಲು ಬಗ್ಗಿ ಗಾಲಿಕುರ್ಚಿಯ ಬ್ರೇಕ್ ನೋಡುತ್ತಾನೆ. ಮೊಮ್ಮಗಳ ಮೂರು ಗಾಲಿ ಸೈಕಲ್ಲಿಗೆ ಬ್ರೇಕೇ ಇಲ್ಲವಲ್ಲ ಅಂತ ಒಂದು ಭಾನುವಾರವಿಡೀ ಕೂತು ರಬ್ಬರಿನದೊಂದು ಬ್ರೇಕ್ ಕಟ್ಟಿಕೊಟ್ಟ. ಅವತ್ತಿನಿಂದ ಆ ಸೈಕಲ್ಲು ಮುಂದಕ್ಕೇ ಹೋಗುತ್ತಿಲ್ಲ, ಮಗು ಅದನ್ನು ಬೊಂಬೆ ಮಲಗಿಸಲು ಇಟ್ಟುಕೊಂಡಿದೆ.

ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ. ಊರಿಗೆ ಊರೇ ನಂಬಿದ ಈ ಮನುಷ್ಯನ ಗಾಡಿಯಲ್ಲಿ ಅವನ ಹೆಂಡತಿ ಕೂರುವುದಿಲ್ಲ. ಆಕೆ ಟೈಲರಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ, ಎಲ್ಲಿಗೆ ಹೋದರೂ ಬ್ಯಾಗಲ್ಲಿ ಅಳತೆ ಟೇಪು, ಕತ್ತರಿ ಇದ್ದೇ ಇರುತ್ತವೆ. ಗಾಡಿ ಅಂದರೆ ಹೆದರುವ ಹೆಂಗಸಲ್ಲ ಮತ್ತೆ. ಮಗಳು ಓಡಿಸಿದರೆ ಮುಂದೆ ಕೂತು ದಾರಿ ಹೇಳುತ್ತಾಳೆ, ಅಳಿಯ ಓಡಿಸಿದರೆ ಗೊರಕೆ ಹೊಡೆಯುತ್ತಾಳೆ. ಗಂಡ ಸ್ಟೀರಿಂಗ್ ಹಿಡಿದರೆ ಮಾತ್ರ, "ನೀವು ಹೊರಡಿ, ನಾನು ಬಸ್ಸಲ್ಲಿ ಬರ್ತೀನಿ." ಮಗಳ ಮನೆ ಗೃಹಪ್ರವೇಶಕ್ಕೂ ಇಬ್ಬರೂ ಬೇರೆ ಬೇರೆಯಾಗಿ ಹೋಗಿ ಒಟ್ಟಿಗೆ ಊಟ ಮಾಡಿ ಬೇರೆ ಬೇರೆಯಾಗಿ ವಾಪಸು ಬಂದವರು. ಜಗಳವಿಲ್ಲ, ಮುನಿಸಿಲ್ಲ. ಜನ ನಕ್ಕರೆ ಅವನೂ ನಗುತ್ತಿದ್ದ, ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಕಾರಣ ಒಂದು ಕಾರು. ಆಗ ಅವನಿನ್ನೂ ಬ್ರೇಕಣ್ಣ ಆಗಿರಲಿಲ್ಲ. ಇಳಿಜಾರಿನ ಮೇಲಿದ್ದ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಡ್ರೈವರ್ ಆಗಿದ್ದ. ಡಾಕ್ಟರಮ್ಮನ ಅಣ್ಣ ಹೊರದೇಶದಲ್ಲಿದ್ದವರು, ಶೋಕಿಯ ಮನುಷ್ಯ. ಹಡಗಿನಲ್ಲಿ ಅಮೆರಿಕದ ಹಳೇ ಕಾಲದ ಒಂದು ಸ್ಪೋರ್ಟ್ಸ್ ಕಾರು ತರಿಸಿ, ಒಂದು ವರ್ಷ ಮೆರೆದು, ತಂಗಿಯ ತಲೆಗೆ ಕಟ್ಟಿ ಹೋಗಿದ್ದರು. ಕೆಂಪು ಬಣ್ಣ, ಉದ್ದ ಮೂತಿ, ನೆಲಕ್ಕೆ ಅಂಟಿದಷ್ಟು ತಗ್ಗು, ಎರಡೇ ಸೀಟು, ಅಲ್ಲಿಯ ಪದ್ಧತಿಯಂತೆ ಸ್ಟೀರಿಂಗು ಎಡಗಡೆ. ಅಂಥದ್ದನ್ನು ಕಂಪನಿಯವರೇ ಬೆರಳೆಣಿಕೆಯಷ್ಟು ಮಾಡಿದ್ದರಂತೆ. ಡ್ರೈವರನ ಮದುವೆಯಾದ ಹೊಸದರಲ್ಲಿ ಡಾಕ್ಟರಮ್ಮ ಕೀ ಕೊಟ್ಟು, "ಹುಡುಗೀನ ಒಂದು ಸುತ್ತು ಕರ್ಕೊಂಡು ಹೋಗಿ ಬಾ" ಅಂದರು. ಹೊಸ ಹೆಂಡತಿ ಹಿಂದೆ ಮುಂದೆ ನೋಡಿದಾಗ ಅವನು ಬಾಗಿಲು ತೆಗೆದು ಹೇಳಿದ್ದು ಅದೇ ಮಾತು. "ಕೂತ್ಕೋ, ಏನೂ ಆಗಲ್ಲ." ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತ ಹತ್ತಿ ಕೂತಳು.

ಆಸ್ಪತ್ರೆ ಇಳಿಜಾರಿನ ಅರ್ಧದಲ್ಲಿ ಪೆಡಲು ಪುಸಕ್ ಅಂತ ಕೆಳಗೆ ಹೋಯಿತು. ಅಂಥ ಹಳೇ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಎಣ್ಣೆ ಹರಿಯಲು ಒಂದೇ ಲೈನು. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಹೋದ ಹಾಗೆ. ಟಪ ಟಪ ತುಳಿದ, ಹ್ಯಾಂಡ್ ಬ್ರೇಕ್ ಎಳೆದ, ಕೊನೆಗೆ ಮನೆ ಕಟ್ಟುವವರು ರಸ್ತೆ ಬದಿ ಸುರಿದಿದ್ದ ಮರಳಿನ ಗುಡ್ಡೆಗೆ ನುಗ್ಗಿಸಿದ. ಅವನಿಗೆ ಗೀರು ಬೀಳಲಿಲ್ಲ. ಕಾರಿನ ಮೂತಿ ಒಡೆಯಿತು. ಆಕೆಯ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು, ಕತ್ತರಿ ಹಿಡಿಯುವ ಕೈ. ಡಾಕ್ಟರಮ್ಮನೇ ಪಟ್ಟಿ ಹಾಕಿದರು, ಹಾಕುತ್ತ ಅತ್ತರು. ಕೈ ಕೂಡಿಕೊಂಡಿತು, ಹೊಲಿಗೆಯೂ ಮತ್ತೆ ಶುರುವಾಯಿತು. ಕಾರನ್ನು ಆಸ್ಪತ್ರೆ ಹಿಂದಿನ ಕೊಟ್ಟಿಗೆಗೆ ತಳ್ಳಿ ಟಾರ್ಪಾಲು ಮುಚ್ಚಿದರು. ಇವನು ಡ್ರೈವರ್ ಕೆಲಸ ಬಿಟ್ಟು ಡಿಪೋದಲ್ಲಿ ಬ್ರೇಕಿನ ಕೆಲಸ ಕಲಿಯಲು ಸೇರಿದ.

ಅದಾಗಿ ಮೂವತ್ತು ವರ್ಷ ದಾಟಿದೆ. ಹೋದ ವರ್ಷ ಆಸ್ಪತ್ರೆಗೆ ಹೊಸ ಕಟ್ಟಡ ಏಳುವುದಕ್ಕೆ ಕೊಟ್ಟಿಗೆ ಕೆಡವಬೇಕಾಯಿತು. ಡಾಕ್ಟರಮ್ಮನಿಗೆ ಈಗ ಕೂದಲೆಲ್ಲ ಬೆಳ್ಳಿ, ಕೈಯಲ್ಲಿ ಕೋಲು. ಟಾರ್ಪಾಲು ಎಳೆಸಿ ನೋಡಿ, ಬ್ರೇಕಣ್ಣನಿಗೆ ಹೇಳಿ ಕಳಿಸಿದರು.

"ಇದು ಹೀಗೇ ಕೊಳೆಯೋದೂ ಬೇಡ, ಇನ್ನೊಬ್ಬರ ಕೈ ಮುರಿಯೋದೂ ಬೇಡ," ಅಂದರು. "ಹೊರಗೆ ಹೇಗಿತ್ತೋ ಹಾಗೇ ಇರ್ಲಿ. ಒಳಗೆ ಏನೇನು ಹೊಸದು ಹಾಕ್ಬೇಕೋ ಎಲ್ಲ ಹಾಕು. ಆವತ್ತು ಕೀ ಕೊಟ್ಟೋಳು ನಾನು, ನನಗೂ ಒಂದು ನೆಮ್ಮದಿ ಬೇಕು."

ಕಾರು ಲಾರಿ ಮೇಲೆ ಶೆಡ್ಡಿಗೆ ಬಂತು. ಮೊದಲು ನೋಡಲು ಬಂದವನು ಅವನ ಭಾವಮೈದ, ಟೈಲರಕ್ಕನ ತಮ್ಮ. ಟಿಂಕರ್ ಕೆಲಸದವನು, ಗುದ್ದಿಸಿಕೊಂಡ ಗಾಡಿಗಳ ತಗಡು ಬಡಿದು ಸರಿಮಾಡುವವನು, ಅಡ್ಡಹೆಸರು ಸುತ್ತಿಗೆ. ಹಳೇ ಕಾರು ಕಂಡರೆ ಜೇಬಿನಿಂದ ಅಯಸ್ಕಾಂತ ತೆಗೆಯುವುದು ಅವನ ಪದ್ಧತಿ. ನಜ್ಜುಗುಜ್ಜಾದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಮುಚ್ಚಿಟ್ಟಿದ್ದರೆ ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ, ಮೋಸ ಗೊತ್ತಾಗುತ್ತದೆ. ಬಾಗಿಲಿಗೆ ಇಟ್ಟ, ಬಿತ್ತು. ಮೂತಿಗೆ ಇಟ್ಟ, ಬಿತ್ತು. ಹಿಂದೆ ಇಟ್ಟ, ಅಲ್ಲೂ ಟಣ್ ಅಂತ ನೆಲಕ್ಕೆ ಬಿತ್ತು. ಸುತ್ತಿಗೆಯ ಮುಖ ಬಿಳುಚಿಕೊಂಡಿತು.

"ಭಾವ, ಡಾಕ್ಟರಮ್ಮನ ಮೂಗಿಗೆ ತುಪ್ಪ ಸವರಿದಾರೆ. ಇದ್ರಲ್ಲಿ ತಗಡೇ ಇಲ್ಲ. ಪೂರ್ತಿ ಕಾರೇ ಪುಟ್ಟಿ."

ಆ ಕಾರಿನ ಮೈ ತಗಡಿನದಲ್ಲ, ಫೈಬರಿನದು, ಕಂಪನಿಯಿಂದಲೇ ಹಾಗೆ ಬಂದದ್ದು ಅಂತ ಎಷ್ಟೋ ಸಲ ತೊಳೆದು ಒರೆಸಿದ ಬ್ರೇಕಣ್ಣನಿಗೆ ಗೊತ್ತು. ಹೇಳಬಹುದಿತ್ತು. ಆದರೆ ಭಾವಮೈದನನ್ನು ಕಾಡಿಸುವ ಅವಕಾಶ ದಿನಾ ಸಿಗುತ್ತದೆಯೇ? "ಹೌದೇನೋ? ಎಂಥಾ ಕೆಲಸ ಆಗ್ಹೋಯ್ತು" ಅಂತ ತಲೆ ಮೇಲೆ ಕೈ ಹೊತ್ತು ಕೂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಸಂಜೆಯೊಳಗೆ ಚಹಾದಂಗಡಿಯಲ್ಲಿ ಅದೇ ಸುದ್ದಿ. ಮಾರನೇ ದಿನ ಔಷಧಿ ಅಂಗಡಿಯವನು ಡಾಕ್ಟರಮ್ಮನನ್ನೇ ಕೇಳಿದನಂತೆ, ನಿಮ್ಮಣ್ಣ ಪುಟ್ಟಿಯಲ್ಲಿ ಕಾರು ಮಾಡಿ ಕಳಿಸಿದ್ದು ನಿಜವಾ ಅಂತ. ಅಷ್ಟರಲ್ಲಿ ಸುತ್ತಿಗೆ ಸುಮ್ಮನಿರಲಾರದೆ ಒಡೆದ ಮೂತಿಗೆ ಒಂದು ಏಟು ಹಾಕಿ ಬಿರುಕನ್ನು ಇನ್ನೊಂದು ಗೇಣು ಬೆಳೆಸಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೊನೆಗೆ ಮೂತಿ ಕೂಡಿಸಿದ್ದು ಫೈಬರಿನ ನೀರಿನ ಟ್ಯಾಂಕ್ ರಿಪೇರಿ ಮಾಡುವವನು.

ಕೆಲಸ ನಿಧಾನವಾಗಿ ನಡೆಯಿತು. ಎಂಜಿನ್ನು ಅದೇ, ಗುಡುಗುಡು ಸದ್ದೂ ಅದೇ, ಆದರೆ ಪೆಟ್ರೋಲು ಅಳೆದು ಹಾಕಲು ಈಗ ಪುಟ್ಟ ಕಂಪ್ಯೂಟರು. ಎತ್ತಿನ ಜೋಡಿ ತಿರುಗಿಸಿದಂತಿದ್ದ ಸ್ಟೀರಿಂಗಿಗೆ ಕರೆಂಟಿನ ಸಹಾಯ, ಬೆರಳಲ್ಲಿ ತಿರುಗುತ್ತದೆ. ಹಳೇ ಡ್ಯಾಶ್‌ಬೋರ್ಡಿನ ಹಿಂದೆ ಗುಟ್ಟಾಗಿ ಎ.ಸಿ. ಎದೆ ಮೇಲೆ ಅಡ್ಡ ಬರುವ ಸೀಟ್ ಬೆಲ್ಟು. ಈ ಕೆಲಸಗಳಿಗೆಲ್ಲ ಬೇರೆ ಬೇರೆಯವರು ಬಂದು ಹೋದರು. ಬ್ರೇಕಿಗೆ ಮಾತ್ರ ಅವನು ಯಾರ ಕೈಯನ್ನೂ ಸೋಕಿಸಲಿಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕು, ಪೆಡಲಿಗೆ ತುಳಿತದ ಬಲ ಹೆಚ್ಚಿಸುವ ಬೂಸ್ಟರು, ಮುಂದಿನ ಚಕ್ರಕ್ಕೊಂದು ಲೈನು, ಹಿಂದಿನ ಚಕ್ರಕ್ಕೊಂದು. ಒಂದು ಕೈ ಕೊಟ್ಟರೆ ಇನ್ನೊಂದು ಹಿಡಿಯುತ್ತದೆ.

ಹಳೇ ಕಾರುಗಳ ಸಂಘದವರೊಬ್ಬರು ನೋಡಲು ಬಂದಿದ್ದರು, ಬಿಳಿ ಟೋಪಿಯವರು. ಬಹಳ ಪ್ರೀತಿಯಿಂದ ಕಾರಿನ ಸುತ್ತ ಬಂದು, ಚಕ್ರದ ಹತ್ತಿರ ಬಗ್ಗಿ, ಮುಖ ಸಣ್ಣ ಮಾಡಿಕೊಂಡರು. "ಛೆ, ಡಿಸ್ಕ್ ಹಾಕ್ಬಿಟ್ರಲ್ಲ. ಇಷ್ಟು ಅಪರೂಪದ ಗಾಡಿ, ಒರಿಜಿನಲ್ ಆಗೇ ಇಡಬೇಕಿತ್ತು." ಅವರು ಹೇಳಿದ್ದರಲ್ಲೂ ಸುಳ್ಳಿಲ್ಲ ಅಂತ ಬ್ರೇಕಣ್ಣ ತಲೆ ಕೆರೆದುಕೊಂಡ. ಕೆಲಸ ನೋಡಲು ಬಂದು ಕುರ್ಚಿಯಲ್ಲಿ ಕೂತಿದ್ದ ಡಾಕ್ಟರಮ್ಮ ಕೋಲಿನಿಂದ ತಮ್ಮ ಮೊಣಕಾಲು ತಟ್ಟಿ, "ಇವೆರಡೂ ಒರಿಜಿನಲ್ ಅಲ್ಲ ಸ್ವಾಮಿ, ಹೋದ ವರ್ಷ ಹಾಕಿಸ್ಕೊಂಡೆ. ಆದ್ರೂ ಜನ ನನ್ನನ್ನ ನಾನು ಅಂತಾನೇ ಕರೀತಾರೆ" ಅಂದರು. ಟೋಪಿಯವರು ಮನಸಾರೆ ನಕ್ಕು, ಚಹಾ ಕುಡಿದು, ಹೊರಡುವಾಗ ಡಿಸ್ಕಿನದೂ ಒಂದು ಫೋಟೋ ತೆಗೆದುಕೊಂಡು ಹೋದರು.

ಇನ್ನು ಉಳಿದದ್ದು ಸೀಟು. ಒಳ್ಳೆ ಕೈಯ ಹೊಲಿಗೆ ಬೇಕು, ಅಂಥ ಕೈ ಮನೆಯಲ್ಲೇ ಇದೆ, ಆದರೆ ಕೇಳುವ ಧೈರ್ಯ ಯಾರಿಗಿದೆ? ಡಾಕ್ಟರಮ್ಮನೇ ಕೇಳಿದರು. ಟೈಲರಕ್ಕ ಒಪ್ಪಿದಳು. "ಹೊಲಿಯೋಕೆ ಹೊಲೀತೀನಮ್ಮ. ಕೂರೋಕೆ ಮಾತ್ರ ಹೇಳ್ಬೇಡಿ." ಶೆಡ್ಡಿಗೆ ಬಂದು, ಬಾಗಿಲಾಚೆ ನಿಂತೇ ಬಗ್ಗಿ ಅಳತೆ ತೆಗೆದಳು. ಚರ್ಮ ಅಲ್ಲೇ ಕತ್ತರಿಸಿ, ಅಂಚನ್ನು ಕೈಯಲ್ಲೇ ಹೊಲಿಯತೊಡಗಿದಳು. ಮಧ್ಯಾಹ್ನದ ಹೊತ್ತು, ಶೆಡ್ಡಲ್ಲಿ ಇಬ್ಬರೇ. ಬ್ರೇಕಣ್ಣ ಸಮಯ ನೋಡಿ ಶುರು ಮಾಡಿದ. ಎರಡು ಲೈನಿನ ವಿಷಯ ಹೇಳಿದ, ಬೂಸ್ಟರಿನ ವಿಷಯ ಹೇಳಿದ, ಪೈಪಿನ ಒಂದೊಂದು ಜಾಯಿಂಟನ್ನೂ ವರ್ಣಿಸಿದ. ಆಕೆ ಹೂಂ ಅನ್ನುತ್ತ ಸೂಜಿ ಎಳೆಯುತ್ತಿದ್ದಳು.

"ಇನ್ನೇನು ಹೆದರಿಕೆ ನಿನಗೆ?" ಅಂದ ಕೊನೆಗೆ. "ಈ ಬ್ರೇಕ್ ಹೋಗೋಕೆ ಸಾಧ್ಯಾನೇ ಇಲ್ಲ. ಏನೂ ಆಗಲ್ಲ."

ಆಕೆ ಸೂಜಿಯನ್ನು ಚರ್ಮಕ್ಕೆ ಚುಚ್ಚಿ ಹಾಗೇ ಬಿಟ್ಟಳು.

"ನನಗೆ ಬ್ರೇಕಿನ ಮೇಲೆ ಯಾವತ್ತೂ ಕೋಪ ಇರ್ಲಿಲ್ಲ ರೀ," ಅಂದಳು. "ಪೈಪು ಒಡೆದ್ರೆ ಯಾರೇನು ಮಾಡೋಕಾಗುತ್ತೆ? ಆವತ್ತು ಪೆಡಲ್ ಕೆಳಗೆ ಹೋಯ್ತಲ್ಲ, ನಿಮಗೆ ಗೊತ್ತಾಯ್ತು. ನಿಮ್ಮ ಮುಖ ಸುಣ್ಣ ಆಗಿತ್ತು. ಏನಾಯ್ತು ಅಂತ ಕೇಳಿದೆ. ಆಗಲೂ ನೀವು ಏನೂ ಆಗಲ್ಲ ಅಂದ್ರಿ. ನಾನು ನಂಬಿದೆ. ಕಿಟಕಿಯಾಚೆ ಕೈ ಇಟ್ಕೊಂಡು ಗಾಳಿ ತಗೊಳ್ತಾ ಕೂತಿದ್ದೆ. ಬ್ರೇಕ್ ಹೋಯ್ತು, ಕೈ ಒಳಗೆ ತಗೋ ಅಂತ ಒಂದು ಮಾತು ಹೇಳಿದ್ರೆ ತಗೊಳ್ತಿದ್ದೆ."

ಅಷ್ಟೇ ಹೇಳಿ ಮತ್ತೆ ಸೂಜಿ ಹಿಡಿದಳು. ಬ್ರೇಕಣ್ಣ ಇಷ್ಟು ವರ್ಷ ಊರಿನ ಗಾಡಿಗಳ ಪೈಪನ್ನೆಲ್ಲ ಬದಲಾಯಿಸಿದ್ದ, ಕೆಟ್ಟದ್ದು ಅದೇ ಅಂದುಕೊಂಡು. ಎದ್ದು ಹೋಗಿ ಗುಂಡಿಗೆ ಇಳಿದು, ಅಲ್ಲಿ ನಿಂತಿದ್ದ ಯಾರದೋ ವ್ಯಾನಿನ ಅಡಿಯಲ್ಲಿ ಸುಮ್ಮನೆ ಕೂತ. ಆ ವ್ಯಾನಿನ ಕೆಲಸ ಬೆಳಗ್ಗೆಯೇ ಮುಗಿದಿತ್ತು. ಎಲ್ಲೋ ಒಂದು ಕಡೆ ಹಗುರವೂ ಆಯಿತು. ಕಾಯಿಲೆ ಯಾವುದು ಅಂತ ಗೊತ್ತಾದರೆ ಅರ್ಧ ವಾಸಿ ಅನ್ನುತ್ತಾರಲ್ಲ.

ಅವತ್ತಿನಿಂದ ಗಿರಾಕಿಗಳಿಗೆ ಪೀಕಲಾಟ. ಗಾಡಿ ಕೊಡುವಾಗ ಆ ಮಾತು ಬರುತ್ತಲೇ ಇಲ್ಲ. "ಯಾಕೆ ಬ್ರೇಕಣ್ಣ, ಏನಾದ್ರೂ ಆಗುತ್ತಾ?" ಅಂತ ಕೇಳಿದರೆ, "ನನ್ನ ಕೈಲಾದ್ದು ಮಾಡಿದೀನಿ, ನೀವೂ ನೋಡ್ಕೊಂಡು ಹೋಗಿ" ಅನ್ನುತ್ತಾನೆ. ಜನ ಹೆದರಿ ನಿಧಾನಕ್ಕೆ ಓಡಿಸತೊಡಗಿದರು. ಡಿಪೋ ತಿರುವಿನಲ್ಲಿ ಗಾಡಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದು ಕಮ್ಮಿಯಾಗಿ ಸುತ್ತಿಗೆಯ ಕೆಲಸಕ್ಕೆ ಕಲ್ಲು ಬಿತ್ತು.

ಕಾರು ತಯಾರಾದ ದಿನ ಬೆಳಗ್ಗೆ ಅದನ್ನು ಇಳಿಜಾರಿನ ಮೇಲೆ, ಆಸ್ಪತ್ರೆ ಗೇಟಿನ ಮುಂದೆ ನಿಲ್ಲಿಸಿದರು. ಕೆಂಪು ಬಣ್ಣ ಕಣ್ಣು ಕುಕ್ಕುತ್ತಿತ್ತು. ಡಾಕ್ಟರಮ್ಮ ಕೋಲೂರಿ ನಿಂತಿದ್ದರು. "ಮೊದಲು ನೀನೇ ಇಳಿಸು," ಅಂದರು, "ನಾನು ಇಲ್ಲಿಂದ ನೋಡ್ತೀನಿ." ಸುತ್ತಿಗೆ ಹಲ್ಲು ಕಿಸಿಯುತ್ತ ಪಕ್ಕದ ಸೀಟಿಗೆ ಬರಲು ರೆಡಿಯಾಗಿದ್ದ. ಅಷ್ಟರಲ್ಲಿ ಟೈಲರಕ್ಕ ಬಂದಳು, ಹೆಗಲಲ್ಲಿ ಎಂದಿನ ಬ್ಯಾಗು. ಯೂನಿಫಾರ್ಮ್ ಕೊಡಲು ಶಾಲೆಗೆ ಹೊರಟವಳು, ತಾನು ಹೊಲಿದ ಸೀಟು ಬಿಸಿಲಲ್ಲಿ ಹೇಗೆ ಕಾಣುತ್ತದೆ ನೋಡಿಹೋಗಲು ಬಂದಿದ್ದಳು. ಬ್ರೇಕಣ್ಣ ಆಕೆಯನ್ನು ಕರೆಯಲಿಲ್ಲ. ಕರೆಯಬೇಕು ಅಂತ ಜೀವ ಬಡಿದುಕೊಳ್ಳುತ್ತಿತ್ತು, ಆದರೂ ಸ್ಟೀರಿಂಗ್ ನೋಡುತ್ತ ಕೂತ. ಆಕೆ ಬಾಗಿಲ ಹತ್ತಿರ ಬಂದು ಹೊಲಿಗೆಯ ಅಂಚು ಸವರಿದಳು.

"ಏನಾದ್ರೂ ಆಗುತ್ತಾ?" ಅಂತ ಕೇಳಿದಳು.

ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದ. "ಆಗಬಹುದು," ಅಂದ. "ಎಲ್ಲ ಹೊಸದು ಹಾಕಿದೀನಿ, ಹತ್ತಾರು ಸಲ ನೋಡಿದೀನಿ. ಆದ್ರೂ ನಂಗೆ ಹೆದರಿಕೆ ಆಗ್ತಿದೆ. ಬೆಳಗ್ಗೆ ತಿಂಡಿ ಗಂಟಲಲ್ಲಿ ಇಳೀಲಿಲ್ಲ."

"ನೋಡಿದೆ," ಅಂದಳು ಆಕೆ, "ತಟ್ಟೆ ಹಾಗೇ ಇತ್ತು." ಆಮೇಲೆ ತಮ್ಮನ ಕಡೆ ತಿರುಗಿ, "ನೀನು ಆ ಕಡೆ ಸರಿಯೋ" ಅಂದಳು. ಸೆರಗು ಸುತ್ತಿಕೊಂಡು, ತಲೆ ತಗ್ಗಿಸಿ, ಒಳಗೆ ಕೂತು ಬ್ಯಾಗನ್ನು ಪಕ್ಕಕ್ಕೆ ತುರುಕಿದಳು. ಬೆಲ್ಟು ಎಲ್ಲಿ ಸಿಕ್ಕಿಸಬೇಕು ಗೊತ್ತಾಗಲಿಲ್ಲ, ಅವನು ತೋರಿಸಿದ. ಎ.ಸಿ. ಬೇಡ ಅಂತ ಕಿಟಕಿ ಇಳಿಸಿ, ಮೊಣಕೈಯನ್ನು ಆಚೆ ಇಟ್ಟಳು. ಅದೇ ಕೈ. ಡಾಕ್ಟರಮ್ಮ ಕೋಲು ಹಿಡಿದಿದ್ದ ಮುಷ್ಟಿ ಬಿಗಿಯಾಯಿತು.

ಕಾರು ಇಳಿಯಿತು. ಮೊದಲ ತಿರುವಿನಲ್ಲಿ ಹಳೇ ಅಭ್ಯಾಸಕ್ಕೆ ಕಾಲು ಪೆಡಲನ್ನು ಟಪ ಟಪ ಅಂತ ತುಳಿದುಬಿಟ್ಟಿತು. ಹೊಸ ಬ್ರೇಕು, ಮೊದಲ ತುಳಿತಕ್ಕೇ ಗಾಡಿ ನೆಲ ಕಚ್ಚಿ ನಿಂತಿತು. ಇಬ್ಬರೂ ಮುಂದಕ್ಕೆ ಹೋಗಿ ಬೆಲ್ಟಿನಲ್ಲಿ ನೇತಾಡಿದರು. ಹಿಂದಿದ್ದ ತರಕಾರಿ ಗಾಡಿಯವನು ಹಾರ್ನ್ ಹೊಡೆದು ಏನೋ ಅಂದುಕೊಂಡು ಪಕ್ಕದಿಂದ ಹೋದ.

"ಏನಾಯ್ತು?"

"ನನ್ನ ತಪ್ಪು. ಹಳೇ ಗಾಡಿ ಅಂದ್ಕೊಂಡು ತುಳಿದೆ."

"ಸರಿ, ಹೋಗಿ," ಅಂದಳು.

ಅರ್ಧ ದಾರಿ. ಮರಳಿನ ಗುಡ್ಡೆ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ, ಮುಂದೆ ಗಟ್ಟಿ ಕಾಂಪೌಂಡು. ಅಲ್ಲಿಗೆ ಸರಿಯಾಗಿ ಟಿಕ್ ಟಿಕ್ ಟಿಕ್ ಅಂತ ಒಂದು ಸದ್ದು ಶುರುವಾಯಿತು. ಲೋಹಕ್ಕೆ ಲೋಹ ತಗಲುವ ಸದ್ದು. ಬ್ರೇಕಣ್ಣ ಕಿವಿಗೊಟ್ಟ. ಡಿಸ್ಕಾ? ಚಕ್ರದ ನಟ್ಟಾ? ಜೀವಮಾನದಲ್ಲಿ ಕೇಳಿದ ಸದ್ದುಗಳೆಲ್ಲ ತಲೆಯಲ್ಲಿ ಓಡಿದವು, ಯಾವುದಕ್ಕೂ ಇದು ಹೊಂದಲಿಲ್ಲ. ಆಕೆ ಅವನ ಮುಖ ನೋಡುತ್ತಿದ್ದಾಳೆ ಅಂತ ತಿರುಗದೆಯೇ ಗೊತ್ತಾಯಿತು.

"ಏನೋ ಸದ್ದು ಬರ್ತಿದೆ," ಅಂದ. "ಏನಂತ ಗೊತ್ತಾಗ್ತಿಲ್ಲ. ನಿಲ್ಲಿಸ್ತೀನಿ. ಕೈ ಒಳಗೆ ತಗೋ."

ಆಕೆ ಕೈ ಒಳಗೆ ಎಳೆದುಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವನು ಈ ಸಲ ಒಂದೇ ಸಲ, ಮೆಲ್ಲಗೆ ತುಳಿದ. ಕಾರು ಕಾಂಪೌಂಡಿನ ಪಕ್ಕದಲ್ಲಿ, ಹೇಳಿದ ಜಾಗದಲ್ಲಿ, ಮಗು ಮಲಗಿಸಿದಷ್ಟು ಮೆತ್ತಗೆ ನಿಂತಿತು. ಸದ್ದೂ ನಿಂತಿತು. ಇಳಿದು ನಾಲ್ಕೂ ಚಕ್ರ ನೋಡಿದ. ಅಡಿಗೆ ಬಗ್ಗಿ ನೋಡಿದ. ಏನೂ ಇಲ್ಲ. ಮತ್ತೆ ಬಾಗಿಲ ಹತ್ತಿರ ಬಂದಾಗ ಆಕೆ ಬ್ಯಾಗಿನ ಬಾಯಿ ತೆರೆದು ಕೂತಿದ್ದಳು. ಕತ್ತರಿಯ ತುದಿ ಬ್ಯಾಗಿನಾಚೆ ಇಣುಕಿ ಬೆಲ್ಟಿನ ಕೊಂಡಿಗೆ ತಾಗುತ್ತಿತ್ತು. ಬೆರಳಲ್ಲಿ ಅಲ್ಲಾಡಿಸಿ ತೋರಿಸಿದಳು. ಟಿಕ್ ಟಿಕ್.

ಬ್ರೇಕಣ್ಣ ರಸ್ತೆ ಬದಿಯಲ್ಲೇ ಕುಕ್ಕರಿಸಿ ಕೂತುಬಿಟ್ಟ. ಹೋದ ಜೀವ ಬಂದ ಹಾಗಾಯಿತು. ನಗಬೇಕು ಅಂದುಕೊಂಡರೆ ಕಣ್ಣಲ್ಲಿ ನೀರು ಬಂತು, ತೋಳಿನಿಂದ ಒರೆಸಿಕೊಂಡ, ಮುಖಕ್ಕೆಲ್ಲ ಗ್ರೀಸು ಹತ್ತಿತು. ಆಕೆ ಮಾತ್ರ ಕೂತಲ್ಲೇ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ಮೊದಲ ಸಲ ಈ ಕಾರು ಹತ್ತಿದಾಗ ನಕ್ಕಿದ್ದಳಲ್ಲ, ಹಾಗೆ. ಮೇಲೆ ಗೇಟಿನ ಹತ್ತಿರ ಡಾಕ್ಟರಮ್ಮ ಕೋಲೆತ್ತಿ ಏನಾಯ್ತು ಅಂತ ಕೇಳುತ್ತಿದ್ದರು. ಇವನು ಕೈ ಬೀಸಿದ, ಅವರು ಕೋಲು ಇಳಿಸಿದರು.

"ಬನ್ನಿ, ಶಾಲೆಗೆ ಹೊತ್ತಾಯ್ತು," ಅಂದಳು ಟೈಲರಕ್ಕ. "ಇನ್ನೊಂದು ವಿಷಯ. ನಿಮ್ಮ ಜೊತೆ ನಾನೂ ನೆಲ ಒತ್ತುತ್ತಾ ಬಂದೆ, ಬಲಗಾಲು ಜೋಮು ಹಿಡಿದಿದೆ."

ಅವನು ಬಂದು ಕೂತು ಕಾರು ಸ್ಟಾರ್ಟ್ ಮಾಡಿದ. ಕೆಳಗಿನ ರಸ್ತೆ ಸಪಾಟು, ಖಾಲಿ, ಮರದ ನೆರಳು. ಸ್ವಲ್ಪ ದೂರ ಹೋದ ಮೇಲೆ ಆಕೆ, "ಈಗ ಕೈ ಆಚೆ ಇಡಬಹುದಾ?" ಅಂತ ಕೇಳಿದಳು.

"ಬೇಡ," ಅಂದ ಬ್ರೇಕಣ್ಣ.

"ಇಟ್ರೆ ಏನಾಗುತ್ತೆ?"

"ಗೊತ್ತಿಲ್ಲ. ಇಡಬೇಡ."

ಆಕೆ ಕೈ ಮಡಿಲಲ್ಲೇ ಇಟ್ಟುಕೊಂಡಳು, ಸೀಟಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. ಶಾಲೆಯ ಗೇಟು ಬರುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತ್ತು. ಬ್ರೇಕಣ್ಣ ಎಬ್ಬಿಸಲಿಲ್ಲ, ಶಾಲೆಯ ಸುತ್ತ ಇನ್ನೊಂದು ಸುತ್ತು ಹಾಕಿದ.